ನನ್ನ ಭಾವಚಿತ್ರಕ್ಕೆ ನನ್ನದೇ ವಿರೋಧ



ಹಲಸೂರಿನ ನಮ್ಮ ಶಾಲೆಯ ಸಭಾಂಗಣಕ್ಕಾಗಿ ನನ್ನ ತೈಲಚಿತ್ರವೊಂದನ್ನು ಬರೆಸುವ ಸಂಕಲ್ಪ ಮಾಡಿದ್ದೀರೆಂದು ಕೇಳಿ ಮೊದಲು ಸಂತೋಷವೇ ಆಯಿತು. ಕಲಾವಿದರ ಕರಡನ್ನು ನೋಡಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ತಲೆಗೆ ಮೈಸೂರು ಪೇಟ, ಹೆಗಲಿಗೆ ಜರಿಶಾಲು, ಕೂರಲು ಕೆತ್ತನೆಯ ಕುರ್ಚಿ, ಹಿಂದೆ ಕೆಂಪು ಪರದೆ, ಕೈಯಲ್ಲಿ ದಪ್ಪ ರಟ್ಟಿನ ಗ್ರಂಥ! ಅರ್ಧ ತೋಳಿನ ಅಂಗಿಯ ತುಂಬ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ಪಾಠ ಹೇಳಿದವನಿಗೆ ಈ ದರ್ಬಾರು ಎಲ್ಲಿಂದ ಬಂತು? ಮೈಬಣ್ಣವೂ ನನ್ನದಲ್ಲ, ನನ್ನ ತಾಯಿ ಇದ್ದಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. "ಸಾರ್, ಘನತೆ ಕಾಣಬೇಕಲ್ಲ" ಎಂದು ನಿಮ್ಮಲ್ಲೊಬ್ಬರು ಸಮರ್ಥಿಸಿಕೊಂಡರು. ನನ್ನ ತಕರಾರು ಇರುವುದೇ ಆ ಘನತೆಯ ಬಗ್ಗೆ.

ಕಲಾವಿದರನ್ನು ನಾನು ದೂರುವುದಿಲ್ಲ. ಬರೆಸುವವರ ಬಯಕೆಗೆ ತಕ್ಕಂತೆ ಬರೆಯುವುದು ಆ ವೃತ್ತಿಯ ಹಳೆಯ ಪದ್ಧತಿ. ಕುಳಿತವರು ಯಾರು, ನಿಂತವರು ಯಾರು, ಬೆಳಕು ಯಾರ ಮುಖದ ಮೇಲೆ ಬಿದ್ದಿದೆ ಎಂಬುದರಿಂದಲೇ ಅಂತಸ್ತು ತಿಳಿದುಬಿಡುತ್ತದೆ. ಸ್ವಭಾವವನ್ನು ಹಿಡಿಯುವುದು ಅಷ್ಟು ಸುಲಭವಲ್ಲ. ಅದಕ್ಕೆ ಮುಖದ ಸುಕ್ಕನ್ನೂ ಬೆರಳಿನ ಗಂಟನ್ನೂ ಉಳಿಸಿಕೊಳ್ಳಬೇಕು. ನೀವು ಅವನ್ನೇ ಅಳಿಸಿಹಾಕಿಸಿದ್ದೀರಿ.

ನಮ್ಮ ದಂಡುಪ್ರದೇಶ 1809ರಲ್ಲಿ ಹುಟ್ಟುವುದಕ್ಕೂ ಮೊದಲೇ ಮೈಸೂರು ಸೀಮೆಯನ್ನು ಅಳೆಯಲು ಬಂದಿದ್ದ ಕಾಲಿನ್ ಮೆಕೆಂಜಿಯವರ ಕಥೆಯನ್ನು ತರಗತಿಯಲ್ಲಿ ಹೇಳಿದ್ದೆ. ಮುಂದೆ ಅವರು ಇಡೀ ಭಾರತದ ಸರ್ವೇಯರ್ ಜನರಲ್ ಆದರು. 1816ರಲ್ಲಿ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಬರೆದ ಅವರ ತೈಲಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರದ ಸಾಹೇಬರೇ ಅಲ್ಲಿ ಪ್ರಧಾನರು, ಸಂಶಯವಿಲ್ಲ. ಆದರೆ ಅವರೊಬ್ಬರೇ ಇಲ್ಲ. ದೂರದರ್ಶಕವನ್ನು ಹಿಡಿದವರು ಜವಾನ ಕಿಸ್ತ್ನಾಜಿ, ತಾಳೆಗರಿಯನ್ನು ಹಿಡಿದವರು ಜೈನ ಪಂಡಿತ ಧರ್ಮಯ್ಯ, ಇನ್ನೊಬ್ಬರು ಕಾವಲಿ ಲಕ್ಷ್ಮಯ್ಯ ಎಂದು ವಿದ್ವಾಂಸರು ಗುರುತಿಸುತ್ತಾರೆ. ದೂರದಲ್ಲಿ ನಿಂತಿರುವವನು ನಮ್ಮ ಕಾರ್ಕಳದ ಗೊಮ್ಮಟ! ಧರ್ಮಯ್ಯನವರು ಹಳಗನ್ನಡದ ಶಾಸನಗಳನ್ನು ಓದಿ ಹೇಳದಿದ್ದರೆ ಸಾಹೇಬರ ಪಾಲಿಗೆ ಅವು ಬರಿಯ ಗೀರು ಬಿದ್ದ ಕಲ್ಲುಗಳಾಗಿರುತ್ತಿದ್ದವು. ಹಿಕಿ ಸಮಾನತೆಯನ್ನು ಸಾರಲು ಹೊರಟವನಲ್ಲ; ಸಹಾಯಕರನ್ನು ಸಾಹೇಬರ ವೈಭವಕ್ಕೆ ಒಡವೆಯಂತೆ ಇರಿಸಿದನೆಂದೇ ವಾದಿಸಬಹುದು. ಆದರೂ ಅಳೆಯುವ ಉಪಕರಣ ಒಬ್ಬರ ಕೈಯಲ್ಲಿದೆ, ಓದುವ ಗರಿ ಮತ್ತೊಬ್ಬರ ಕೈಯಲ್ಲಿದೆ. ಕಂಪನಿಯ ಕಾಲದ ಚಿತ್ರಕಾರ ಮುಚ್ಚಿಡದ ಸಂಗತಿಯನ್ನು ನಾವೇಕೆ ಮುಚ್ಚಿಡಬೇಕು?

ನಾನೂ ತಪ್ಪು ಮಾಡಿದವನೇ. ಒಮ್ಮೆ ಇತಿಹಾಸದ ಚಾರ್ಟಿಗೆಂದು ಇದೇ ಚಿತ್ರದ ಪ್ರತಿಯನ್ನು ಕತ್ತರಿಸಿ ಮೆಕೆಂಜಿಯವರನ್ನು ಮಾತ್ರ ಅಂಟಿಸಿದ್ದೆ. ಸಂಜೆ ಆ ಚೂರುಗಳನ್ನು ಗುಡಿಸಿ ಒಯ್ದವರು ನಮ್ಮ ಗಂಟೆ ತಾತ.

ಅವರನ್ನು ಮರೆತಿರಾ? ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಿದ್ದವರು, ಕಾಲು ಮುರಿದುಕೊಂಡ ಹುಡುಗನನ್ನು ಹೆಗಲ ಮೇಲೆ ಹೊತ್ತು ಬೌರಿಂಗ್ ಆಸ್ಪತ್ರೆಗೆ ಓಡಿದವರು, ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದವರು. ಆ ಹೆಗಲೇರಿದ್ದ ಹುಡುಗ ಇಂದು ಚಿತ್ರ ಬರೆಸುವ ಸಮಿತಿಯಲ್ಲಿದ್ದಾನೆ! ಜವಾನರ ಚಿತ್ರ ಸಭಾಂಗಣಕ್ಕೆ ಒಪ್ಪುವುದಿಲ್ಲ ಎಂದು ಸಮಿತಿಯಲ್ಲಿ ಮಾತು ಬಂದಿತಂತೆ. ಹಾಗಿದ್ದರೆ ಆ ಗೋಡೆಗೆ ನಾನೂ ಒಪ್ಪುವುದಿಲ್ಲ.

ಬರೆಸುವುದೇ ಆದರೆ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಬರೆಸಿ. ಕುರ್ಚಿ ಬೇಡ, ಪೇಟ ಬೇಡ. ನನ್ನ ಕೈಯಲ್ಲಿ ಡಸ್ಟರು, ಅವರ ಕೈಯಲ್ಲಿ ಗಂಟೆಯ ಸುತ್ತಿಗೆ ಇರಲಿ. ಕೆಳಗೆ ಇಬ್ಬರ ಪೂರ್ಣ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ. ಅವರ ಫೋಟೋ ನನ್ನ ಬಳಿ ಒಂದೂ ಇಲ್ಲ. ವಾರ್ಷಿಕೋತ್ಸವದ ಗುಂಪುಚಿತ್ರಗಳಲ್ಲಿ ಅಂಚಿನಲ್ಲೆಲ್ಲೋ ನಿಂತಿರಬೇಕು. ನಿಮ್ಮ ಹಳೆಯ ಆಲ್ಬಮ್ಮುಗಳನ್ನು ಒಮ್ಮೆ ತೆಗೆದು ನೋಡಿ, ಸಿಕ್ಕರೆ ನನಗೆ ಕಳುಹಿಸಿಕೊಡಿ.