ಮಗ್ಗದ ಮನೆಯ ಓದು

(ಅಂತಿಮ ವರ್ಷದ ಬಿ. ಎ. ವಿದ್ಯಾರ್ಥಿ)

ದುಡಿದು ತಿನ್ನುವವನಿಗೆ ಕಾದಂಬರಿಯೇಕೆ ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಹಾಗೆಣಿಸುವವರು ಬಹುಮಂದಿ. ಓದೆಂಬುದು ಪದವಿಯ ದಾರಿಯಲ್ಲಿರುವ ಸುಂಕದ ಕಟ್ಟೆ; ಅದನ್ನು ದಾಟಿದವನಿಗೆ ಮತ್ತೆ ಅದರ ಗೊಡವೆಯಿಲ್ಲ, ಆ ದಾರಿಗೇ ಬಾರದವನಿಗೆ ಮೊದಲೇ ಇಲ್ಲ, ಇದು ಅವರ ಮತ. ಇದನ್ನು ಅಲ್ಲಗಳೆಯಲು ನಾನು ದೂರದ ಸಾಕ್ಷಿಯನ್ನು ತರಬೇಕಾಗಿಲ್ಲ.

ಮೊಳಕಾಲ್ಮೂರಿನಲ್ಲಿ ನನ್ನ ಸೋದರಮಾವ ರೇಷ್ಮೆ ಸೀರೆ ನೇಯುತ್ತಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಹಗಲೆಲ್ಲ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವರ ಕೈಗೆ ಪುಸ್ತಕ ಬರುವುದು ರಾತ್ರಿ ಊಟವಾದ ಮೇಲೆ. ಅತ್ತೆಗೆ ಅಕ್ಷರ ಬಾರದು. ಆಕೆಯ ತವರಿನ ಮಾತು ತೆಲುಗು. ಆಕೆ ಕಂಡಿಕೆ ಸುತ್ತುತ್ತಿರುವಾಗ ಮಾವ ಗಟ್ಟಿಯಾಗಿ ಓದುತ್ತಾರೆ. ಹೀಗೆ ಆ ಮನೆಯಲ್ಲಿ ಒಂದೊಂದು ಪುಸ್ತಕಕ್ಕೂ ಎರಡು ಅಭಿಪ್ರಾಯಗಳು. ಮೂರನೆಯದು ನನ್ನದು, ಅದಕ್ಕೆ ಅಲ್ಲಿ ಹೆಚ್ಚು ಬೆಲೆಯಿಲ್ಲ.

ಅವರ ಓದಿಗೆ ನಾಂದಿ ಹಾಡಿದವರು ತ. ರಾ. ಸು. ಆ ಹೆಸರಿನ ಮೊದಲಕ್ಷರವಾದ ತಳುಕು ನಮ್ಮ ಚಳ್ಳಕೆರೆ ತಾಲ್ಲೂಕಿನದೇ ಊರು. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಲೇಖಕರೇ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. 1779ರಲ್ಲಿ ದುರ್ಗವು ಹೈದರಾಲಿಯ ಕೈಸೇರಿದ್ದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಹಾಗಿದ್ದೂ ಮಾವ ಅದನ್ನು ಎರಡು ಬಾರಿ ಓದಿದರು. ಏಕೆಂದು ಕೇಳಿದರೆ, "ಸೋಲ್ತಾನೆ ಅಂತ ಗೊತ್ತು ಅಳಿಯ, ಈ ಸಾರಿಯಾದ್ರೂ ಮದಕರಿ ಗೆದ್ದಾನೇನೋ ಅಂತ ಓದೋದು" ಎಂದರು. ದುರಂತವನ್ನು ಕುರಿತು ನಾನು ಪರೀಕ್ಷೆಗೆ ಬರೆದ ನಾಲ್ಕು ಪುಟಗಳಲ್ಲಿ ಇಷ್ಟು ಸಂಗತಿಯಿತ್ತೇ ಎಂದು ನನಗೆ ಸಂದೇಹ.

ಈಚಿನ ಪುಸ್ತಕಗಳ ಮಾತಿಗೆ ಬರೋಣ. ವಸುಧೇಂದ್ರರ 'ತೇಜೋ-ತುಂಗಭದ್ರಾ' (2019) ಅವರಿಗೆ ತಿಂಗಳಿಗೂ ಮೇಲ್ಪಟ್ಟು ಹಿಡಿಯಿತು. ಲಿಸ್ಬನ್ ನಗರದ ಕಥೆಯೊಂದು, ವಿಜಯನಗರದ ನಾಡಿನ ಕಥೆಯೊಂದು. ಎರಡೂ ಎಲ್ಲಿ ಕೂಡುತ್ತವೆಂದು ಮಾವನಿಗೆ ಮೊದಮೊದಲು ತಾಳ್ಮೆ ಕೆಟ್ಟಿತ್ತು. ಹಡಗಿನ ಪ್ರಯಾಣದ ಭಾಗ ಬಂದ ಮೇಲೆ ಪುಸ್ತಕ ಕೆಳಗಿಡಲಿಲ್ಲ. ಸಂಬಾರ ಪದಾರ್ಥದ ಲಾಭ ಯಾರಿಗೋ, ಕಡಲಿನಲ್ಲಿ ಸಾಯುವವರು ಯಾರೋ. ಇದು ಅವರಿಗೆ ತಿಳಿಯದ ವಿಷಯವೇನಲ್ಲ. ನೇಯ್ದವನ ಕೂಲಿಗೂ ಪೇಟೆಯಲ್ಲಿ ಸೀರೆಯ ಮೇಲಿರುವ ಬೆಲೆಗೂ ಇರುವ ಅಂತರವನ್ನು ದಿನವೂ ಕಾಣುವವರು ಅವರು. ದೊರೆಗಾಗಿ ಪ್ರಾಣ ಕೊಡುವೆನೆಂದು ವ್ರತ ತೊಟ್ಟ ಲೆಂಕರ ಪ್ರಸಂಗ ಬಂದಾಗ ಮಾತ್ರ ಅವರು ಮದಕರಿಯ ಕಾಲದ ಹಳೆಯ ಅಭಿಮಾನಕ್ಕೂ ಹೊಸ ಸಂಶಯಕ್ಕೂ ನಡುವೆ ಸಿಕ್ಕಿಬಿದ್ದರು. ಎರಡು ದಿನ ಓದು ನಿಂತಿತು.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಚಿಕ್ಕದು, ಬೇಗ ಮುಗಿಯಿತು. ಬಡ ಸಂಸಾರಕ್ಕೆ ದಿಢೀರನೆ ಹಣ ಬಂದು ಮನೆಯವರೇ ಬದಲಾಗುವ ಬಗೆಯನ್ನು ಮಾವ ಬಹುವಾಗಿ ಮೆಚ್ಚಿದರು. ಕೊನೆಯ ಬಗ್ಗೆ ಅವರಿಗೆ ಸಿಟ್ಟು: "ಸೆರಗು ನೇಯದೆ ಮಗ್ಗದಿಂದ ಇಳಿಸಿಬಿಟ್ಟಿದ್ದಾರೆ." ಇಲ್ಲಿ ನಾನು ಒಪ್ಪುವುದಿಲ್ಲ. ಅದನ್ನು ಬಿಡಿಸಿ ಹೇಳಿದ್ದರೆ ಆ ಭಯ ಉಳಿಯುತ್ತಿರಲಿಲ್ಲ. ಈ ವಾದ ಇನ್ನೂ ಮುಗಿದಿಲ್ಲ.

2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತು. ಕನ್ನಡಕ್ಕೆ ಅದು ಮೊದಲನೆಯದು. ನಮ್ಮಲ್ಲಿ ಅಭಿನಂದನೆಯ ಭಾಷಣಗಳಾದವು. ಭಾಷಣ ಮಾಡಿದವರಲ್ಲಿ ಕಥೆ ಓದಿದ್ದವರೆಷ್ಟು ಮಂದಿಯೋ, ಕೇಳುವುದು ಮರ್ಯಾದೆಯಲ್ಲ. ಮಗ್ಗದ ಮನೆಯಲ್ಲಿ 'ಎದೆಯ ಹಣತೆ' ಕಥೆಯನ್ನು ಓದಿದ ರಾತ್ರಿ ಅತ್ತೆ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದರು. ಗಂಡನಿಂದ ನೊಂದು ತವರಿಗೆ ಬಂದವಳನ್ನು ಅಣ್ಣತಮ್ಮಂದಿರೇ ಹಿಂದಕ್ಕೆ ಕರೆದೊಯ್ದು ಬಿಡುತ್ತಾರಲ್ಲ, ಅಲ್ಲಿ. "ಸೀಮೆಎಣ್ಣೆ ಸುರಿದುಕೊಂಡಿದ್ದು ಆಮೇಲೆ, ಅವಳನ್ನ ತವರಿನೋರೇ ಮೊದಲು ಸುಟ್ಟಿದ್ದು" ಎಂದರು. ಅದು ಮುಸಲ್ಮಾನರ ಮನೆಯ ಕಥೆಯೆಂಬ ಮಾತೇ ಆಕೆಯ ಬಾಯಲ್ಲಿ ಬರಲಿಲ್ಲ. ವಿಮರ್ಶಕರು ಇದಕ್ಕೆ ಏನು ಹೆಸರಿಡುವರೋ ನಾನರಿಯೆ.

ಇಂತಹ ಓದುಗರಿಗೆ ಪುಸ್ತಕ ತಲುಪುವ ಬಗೆ ಹೇಗೆ? ದಪ್ಪ ಕಾದಂಬರಿಯೊಂದನ್ನು ಕೊಂಡರೆ ಒಂದು ದಿನದ ಕೂಲಿಯ ಬಹುಪಾಲು ಹೋಯಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಕಾಲವೊಂದಿತ್ತು. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು, ಬಸ್ಸಿನ ಕಂಡಕ್ಟರಾಗಿ, ಬಳಿಕ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಪುಸ್ತಕಗಳಿಗೇ ಒಂದು ಮನೆ ಮಾಡಿದರು. ಆದರೆ ಎಲ್ಲ ಊರಿಗೂ ಒಬ್ಬೊಬ್ಬ ಅಂಕೇಗೌಡರು ಹುಟ್ಟಲಿ ಎಂದು ಕಾದು ಕೂರುವುದು ನ್ಯಾಯವೇ? 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಕಟ್ಟಡದ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಕಟ್ಟುತ್ತೇವೆ. ಮಾವನ ಮನೆಯೂ ಕಟ್ಟುತ್ತದೆ. ಆದರೆ ನಾನು ಕಂಡ ಗ್ರಂಥಾಲಯವೊಂದರಲ್ಲಿ ಮಗ್ಗ ನಿಲ್ಲುವ ಹೊತ್ತಿಗೆ ಬೀಗ ಬಿದ್ದಿರುತ್ತದೆ. ತೆರೆದಿರುವ ಹೊತ್ತಿನಲ್ಲಿ ಅಲ್ಲಿರುವವರು ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿ ಹಿಡಿದ ನಮ್ಮಂಥವರೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಲಿಪಿಕಾರನು ಕೊನೆಯಲ್ಲಿ ಚಪಡ ಎಂದು ತನ್ನ ಹೆಸರನ್ನೂ ಹಾಕಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಒಬ್ಬ ಕೆಲಸಗಾರನ ಸಹಿ! ಅಕ್ಷರವು ಇಲ್ಲಿ ಇಷ್ಟು ಹಳೆಯದು, ಬಾಗಿಲು ಮಾತ್ರ ಸಂಜೆಗೆ ಮುಚ್ಚುತ್ತದೆ.

ಮೇಲೆ ಹೇಳಿದ ಈಚಿನ ಪುಸ್ತಕಗಳೆಲ್ಲ ಮಾವನ ಮನೆಗೆ ಹೋದದ್ದು ನನ್ನ ಕಾಲೇಜಿನ ಗ್ರಂಥಾಲಯದ ಚೀಟಿಯ ಮೇಲೆ. ನಿಯಮಕ್ಕೆ ಇದು ಒಪ್ಪಿತವೋ ಇಲ್ಲವೋ, ಪುಸ್ತಕಗಳು ಹಾಳೆ ಮಡಿಸದೆ ಹಿಂದಿರುಗಿವೆ. ಪರೀಕ್ಷೆಯ ಪ್ರವೇಶಪತ್ರ ಪಡೆಯುವ ಮೊದಲು ಆ ಚೀಟಿಯನ್ನು ಒಪ್ಪಿಸಬೇಕು. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವನು ನಾನೊಬ್ಬನೇ. ನನ್ನ ಹಿಂದೆ ಚೀಟಿ ಪಡೆಯುವವರು ಸದ್ಯಕ್ಕೆ ಯಾರೂ ಇಲ್ಲ. ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಹಳೆಯ ವಿದ್ಯಾರ್ಥಿಗಳು ಅಲ್ಪ ಠೇವಣಿಯಿಟ್ಟು, ಭಾನುವಾರ ಎರಡು ಗಂಟೆಯ ಕಾಲವಾದರೂ, ಒಂದು ಪುಸ್ತಕ ಒಯ್ಯುವಂತಾಗಲಿ. ಮಾವ ಈಗಾಗಲೇ ಕುಂ. ವೀ. ಅವರ 'ಅರಮನೆ'ಯನ್ನು ಕೇಳಿದ್ದಾರೆ. ದಪ್ಪ ಪುಸ್ತಕ; ನನ್ನ ಪರೀಕ್ಷೆ ಮುಗಿಯುವುದರೊಳಗೆ ಅದು ಮುಗಿಯುವಂತೆ ಕಾಣುವುದಿಲ್ಲ.