ತವರಿಗೆ ಬರುವ ತಿಮಿಂಗಿಲ

ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ವಾಲ್ಡೆಸ್ ಎಂಬ ಪರ್ಯಾಯ ದ್ವೀಪವಿದೆ. ನೆಲವೋ ಬರಡು, ಕುರುಚಲು ಗಿಡ, ಬೀಸುಗಾಳಿ, ವರ್ಷಕ್ಕೆ ಹತ್ತಂಗುಲವೂ ಬೀಳದ ಮಳೆ. ಆದರೆ ಜೂನ್ ಬಂತೆಂದರೆ ಅಲ್ಲಿನ ಕೊಲ್ಲಿಗಳಿಗೆ ‘ರೈಟ್’ ತಿಮಿಂಗಿಲಗಳು, ತವರಿಗೆ ಬರುವ ಹೆಣ್ಣುಮಕ್ಕಳಂತೆ, ಹೆರಿಗೆಗೆ ಬರುತ್ತವೆ. ಹತ್ತಿರದ ಎಲ್ ದೊರಾದಿಯೊ ತೀರದಲ್ಲಿ ಉಬ್ಬರದ ವೇಳೆ ದೋಣಿಯೂ ಬೇಡ, ದುರ್ಬೀನೂ ಬೇಡ. ದಡದಲ್ಲಿ ಕುಳಿತವರಿಗೇ ತಾಯಿ ಮರಿಗಳು ಕಾಣುತ್ತವೆ, ಉಸಿರಿನ ಸದ್ದೂ ಕೇಳುತ್ತದೆ.

ನಮ್ಮ ಬಾಣಂತಿಗೆ ತವರಿನಲ್ಲಿ ಉಪಚಾರ. ಈ ತಾಯಿಯಾದರೋ ಹೆಚ್ಚುಕಡಿಮೆ ಉಪವಾಸವಿದ್ದು, ಮೈಯ ಕೊಬ್ಬನ್ನೇ ಕರಗಿಸಿ ಮರಿಗೆ ಹಾಲುಣಿಸುತ್ತಾಳೆ.

‘ರೈಟ್’ ಎಂದು ಹೆಸರಿಟ್ಟವರು ಬೇಟೆಗಾರರಂತೆ. ನಿಧಾನದ ಈಜು, ಬೇಕಾದಷ್ಟು ಎಣ್ಣೆ, ಸತ್ತರೂ ತೇಲುವ ದೇಹ. ಕೊಲ್ಲುವುದಕ್ಕೆ ‘ಸರಿಯಾದ’ ಪ್ರಾಣಿ! 1970ರಲ್ಲಿ ರೋಜರ್ ಪೇನ್ ಎಂಬ ವಿಜ್ಞಾನಿ ಇಲ್ಲಿ ಅಧ್ಯಯನ ಆರಂಭಿಸಿದರು. ತಲೆಯ ಮೇಲಿನ ಒರಟು ಗಂಟುಗಳು ಒಂದರಂತೆ ಒಂದಕ್ಕಿಲ್ಲವೆಂದು ಕಂಡು, ಅವುಗಳಿಂದಲೇ ಒಂದೊಂದು ತಿಮಿಂಗಿಲವನ್ನೂ ಗುರುತಿಟ್ಟರು. ತಾಯಿ ಸುಮಾರು ಮೂರು ವರ್ಷಕ್ಕೊಮ್ಮೆ ಮರಿಹಾಕುವಳೆಂದು ತಿಳಿದದ್ದು ಹೀಗೆಯೇ. 1984ರಲ್ಲಿ ಅರ್ಜೆಂಟೀನಾ ಇದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿತು.

ದಿನವೆಲ್ಲ ರಿಜಿಸ್ಟರು ಬರೆಯುವ ಗುಮಾಸ್ತ ನಾನು. ಒಂದು ಲೆಕ್ಕದಲ್ಲಿ ‘ಎಣ್ಣೆ ಇಷ್ಟು ಪೀಪಾಯಿ’ ಎಂದಾಗಿದ್ದ ಜೀವ, ಇನ್ನೊಂದರಲ್ಲಿ ‘ಇಂಥ ತಾಯಿ ಮರಿಯೊಡನೆ ಮತ್ತೆ ಬಂದಳು’ ಎಂದಾಯಿತು. ಬರೆದಿಡುವ ಕೆಲಸಕ್ಕೂ ಇಷ್ಟು ಪುಣ್ಯವುಂಟೆಂದು ತಿಳಿದು, ಮರುದಿನ ಕಚೇರಿಗೆ ತುಸು ಬೇಗನೆಯೇ ಹೊರಟೆ.