ಪಂಪಿನ ಲೆಕ್ಕವನ್ನೂ ತೋರಿಸಿ

ಯಾವುದಾದರೂ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಹೋಗಿ, ಮೆಕ್ಯಾನಿಕಲ್ ಸ್ಟಾಲ್‌ಗಳ ಕಡೆ ಒಂದು ರೌಂಡ್ ಹಾಕಿ. ಪೈಪಿನೊಳಗೆ ಮೆಟಲ್ ಫೋಮ್ ತುಂಬಿರೋ, ಬಜೆಟ್ ಇಲ್ಲದಿದ್ದರೆ ಪಾತ್ರೆ ಉಜ್ಜೋ ಸ್ಟೀಲ್ ಸ್ಕ್ರಬ್ಬರ್ ತುರುಕಿರೋ ಹೀಟ್ ಎಕ್ಸ್‌ಚೇಂಜರ್ ಒಂದಾದರೂ ಸಿಗುತ್ತೆ. ನಸೆಲ್ಟ್ ನಂಬರ್ ಎಷ್ಟು ಏರಿತು ಅಂತ ಪೋಸ್ಟರ್ ಮೇಲೆ ದಪ್ಪಕ್ಷರದಲ್ಲಿ ಇರುತ್ತೆ. ನೀರು ತಳ್ಳೋಕೆ ಪಂಪ್ ಎಷ್ಟು ಕರೆಂಟ್ ತಿಂತು ಅನ್ನೋದು ಮಾತ್ರ ಎಲ್ಲೂ ಇರಲ್ಲ. ಅದು ಅರ್ಧ ರಿಸಲ್ಟ್. ನನ್ನ ಕೇಳಿದರೆ ಮಾರ್ಕ್ಸೂ ಅರ್ಧನೇ ಕೊಡಬೇಕು. (ಸೀನಿಯರ್ಸ್, ಬೈಬೇಡಿ. ಹೀಟ್ ಟ್ರಾನ್ಸ್‌ಫರ್ ನಮಗೆ ಮುಂದಿನ ವರ್ಷ, ಆದರೆ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿ ಆಗಿದೆ.)

ಫೋಮ್ ಕೆಲಸ ಮಾಡಲ್ಲ ಅಂತ ಹೇಳ್ತಿಲ್ಲ. ಖಾಲಿ ದುಂಡು ಪೈಪು, ಲ್ಯಾಮಿನಾರ್ ಹರಿವು, ಗೋಡೆಯಿಂದ ಒಂದೇ ಸಮ ಶಾಖ: ನಸೆಲ್ಟ್ ನಂಬರ್ 4.36. ನಡುವಿನ ನೀರು ಓಡುತ್ತೆ, ಗೋಡೆ ಪಕ್ಕದ್ದು ತೆವಳುತ್ತೆ. ಸಣ್ಣ ಸಣ್ಣ ರಂಧ್ರಗಳ ವಸ್ತು ತುಂಬಿದರೆ ವೇಗ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಆಗುತ್ತೆ. ನೀರು ಮತ್ತು ಆ ವಸ್ತು ಎರಡೂ ಸೇರಿದ ವಾಹಕತೆ ಇಟ್ಟು ಲೆಕ್ಕ ಹಾಕಿದರೆ ಅದೇ ಸಂಖ್ಯೆ 8ರ ಹತ್ತಿರ ಬರುತ್ತೆ. ತುಂಬಿದ್ದು ಅಲ್ಯೂಮಿನಿಯಂ ಆದರೆ ಆ ವಾಹಕತೆಯೂ ನೀರಿಗಿಂತ ಎಷ್ಟೋ ಜಾಸ್ತಿ. ಡಬಲ್ ಲಾಭ.

ಇನ್ನು ಬೆಲೆ. 1856ರಲ್ಲಿ ಹೆನ್ರಿ ಡಾರ್ಸಿ ಫ್ರಾನ್ಸಿನ ಡಿಜೋನ್ ಊರಿನ ನೀರಿನ ವ್ಯವಸ್ಥೆ ಬಗ್ಗೆ ಪುಸ್ತಕ ಬರೆದ, ಮರಳಿನ ಮೂಲಕ ನೀರು ಹರಿಸಿದ ಪ್ರಯೋಗಗಳು ಅದರಲ್ಲಿವೆ. ಹರಿವು ಎರಡು ಪಟ್ಟು ಬೇಕಾ? ಒತ್ತಡದ ವ್ಯತ್ಯಾಸ ಎರಡು ಪಟ್ಟು ಕೊಡಿ. ವೇಗ ಜಾಸ್ತಿಯಾದರೆ ಇಷ್ಟಕ್ಕೇ ಮುಗಿಯಲ್ಲ ಅಂತ 1901ರಲ್ಲಿ ಫೋರ್ಕ್‌ಹೈಮರ್ ವೇಗದ ವರ್ಗವನ್ನೂ ಸೇರಿಸಿದ. ಪಂಪಿನ ಪವರ್ ಅಂದರೆ ಒತ್ತಡ ಗುಣಿಸು ಹರಿವು. ಹಾಗಾಗಿ ಹರಿವು ಡಬಲ್ ಮಾಡಿದರೆ ಡಾರ್ಸಿ ಲೆಕ್ಕದಲ್ಲಿ ಪವರ್ ನಾಲ್ಕು ಪಟ್ಟು, ವರ್ಗದ ಪದವೇ ಮೇಲುಗೈ ಆದಾಗ ಎಂಟು ಪಟ್ಟು!

‘ಹಾಗಾದ್ರೆ ಗೋಡೆಗೆ ಒಂದು ತೆಳು ಪದರ ಮಾತ್ರ ಅಂಟಿಸೋಣ’ ಅಂತೀರಾ? ಅಲ್ಲೂ ಒಂದು ಗುಂಡಿ ಇದೆ. ಪದರ ತಾನೇ ಚೆನ್ನಾಗಿ ಬಿಸಿ ಒಯ್ಯದಿದ್ದರೆ, ನೀರು ಸಲೀಸಾದ ನಡುದಾರಿ ಹಿಡಿಯುತ್ತೆ, ಗೋಡೆ ಪಕ್ಕ ನಿಂತೇ ಹೋಗುತ್ತೆ. ಒಂದು ದಪ್ಪದಲ್ಲಿ ನಸೆಲ್ಟ್ ನಂಬರ್ ತಳ ಮುಟ್ಟುತ್ತೆ ಅಂತ ಪೌಲಿಕಾಕೋಸ್ ಮತ್ತು ಕಾಜ್ಮಿಯರ್‌ಚಾಕ್ 1987ರಲ್ಲೇ ತೋರಿಸಿದ್ದಾರೆ.

ಚಿಪ್ ಮೇಲೆ ಕೂರೋ ಕೋಲ್ಡ್ ಪ್ಲೇಟ್‌ನಂಥ ಕಡೆ, ಜಾಗವೇ ಇಲ್ಲ, ಪಂಪಿಗೆ ಖರ್ಚು ಮಾಡಬಹುದು. ಆದರೆ ನಮ್ಮ ಮನೆಗಳ ಮೇಲಿರೋ ಸೋಲಾರ್ ವಾಟರ್ ಹೀಟರ್ ನೋಡಿ. ಹೆಚ್ಚಿನವುಗಳಲ್ಲಿ ಪಂಪೇ ಇಲ್ಲ, ಬಿಸಿನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರಬೇಕು. ಆ ತಳ್ಳುವ ಶಕ್ತಿ ತುಂಬಾ ಚಿಕ್ಕದು. ಅದರ ಪೈಪಿಗೆ ಸ್ಕ್ರಬ್ಬರ್ ತುರುಕಿದರೆ ಬೆಳಿಗ್ಗೆ ತಣ್ಣೀರೇ ಗತಿ.

ಒತ್ತಡ ಅಳೆಯೋಕೆ ಭಾರೀ ಸೆನ್ಸರ್ ಏನೂ ಬೇಡ. ತುಂಬಿದ ಭಾಗದ ಹಿಂದೆ ಒಂದು, ಮುಂದೆ ಒಂದು ಟ್ರಾನ್ಸ್‌ಪರೆಂಟ್ ಟ್ಯೂಬ್ ನೆಟ್ಟಗೆ ನಿಲ್ಲಿಸಿ, ಎರಡರ ನೀರಿನ ಮಟ್ಟ ಸ್ಕೇಲ್‌ನಲ್ಲಿ ಅಳೆಯಿರಿ. ಮುಂದಿನ ಎಕ್ಸಿಬಿಷನ್‌ನಲ್ಲಿ ಪೋಸ್ಟರ್ ಮುಂದೆ ನಿಂತಾಗ ನಾನು ಮೊದಲು ಕೇಳೋದು ಆ ಎರಡು ಮಟ್ಟಗಳನ್ನೇ.